ಮಂದಿ ಯಾಕ ನಕ್ಕರು?

ನಾನು ಸ್ಟೇಜ್ ಮೇಲೆ ಹೇಳಿದ ಮೊದಲ ಜೋಕು ಜೋಕೇ ಆಗಿರಲಿಲ್ಲ. ಮೈಕ್ ಹಿಡಿದು, ‘ನಮಸ್ಕಾರ್ರೀ ಎಲ್ಲಾರಿಗೂ, ನಾ ರಾಣೆಬೆನ್ನೂರಿಂದ ಬಂದೇನ್ರೀ’ ಅಂದೆ. ಜನ ನಕ್ಕರು. ಹಿಂದೆ ಏನಾದರೂ ಬಿತ್ತಾ ಅಂತ ತಿರುಗಿ ನೋಡಿದೆ. ಏನೂ ಬಿದ್ದಿರಲಿಲ್ಲ. ಪ್ಯಾಂಟಿನ ಜಿಪ್ ಸರಿ ಇದೆಯಾ ಅಂತ ಮೆಲ್ಲಗೆ ನೋಡಿಕೊಂಡೆ. ಸರಿಯಾಗೇ ಇತ್ತು. ಅದಕ್ಕೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಜೋಕು ಬರೆಯುವ ಕಷ್ಟವೇ ಇಲ್ಲದೆ ಕಾಮಿಡಿಯನ್ ಆಗಿಬಿಟ್ಟೆ ಅಂದುಕೊಂಡು ಆ ರಾತ್ರಿ ಪಿ.ಜಿ.ಗೆ ಹೋಗಿ ನೆಮ್ಮದಿಯಾಗಿ ಮಲಗಿದೆ.

ಓಪನ್ ಮೈಕ್ ನೋಡದವರಿಗೆ ಒಂದು ಮಾತು. ವಾರದ ಮಧ್ಯದ ಒಂದು ಸಂಜೆ, ಬೆಂಗಳೂರಿನ ಯಾವುದೋ ಕೆಫೆಯ ಮಹಡಿ. ನಲವತ್ತು ಕುರ್ಚಿ, ಹದಿನೆಂಟು ಜನ. ಅವರಲ್ಲಿ ಹನ್ನೆರಡು ಮಂದಿ ತಮ್ಮ ಸರದಿಗೆ ಕಾಯುತ್ತಿರುವ ಕಾಮಿಡಿಯನ್ನರು. ಒಬ್ಬ ಕಾಮಿಡಿಯನ್ ಇನ್ನೊಬ್ಬನ ಜೋಕಿಗೆ ನಗುವುದಿಲ್ಲ. ತಲೆಯಾಡಿಸಿ ‘ಚೆನ್ನಾಗಿದೆ ಬ್ರೋ’ ಅನ್ನುತ್ತಾನೆ, ಪಕ್ಕದ ಮನೆ ಹುಡುಗನಿಗೆ ಕೆಲಸ ಸಿಕ್ಕ ಸುದ್ದಿ ಕೇಳಿದವರ ಹಾಗೆ. ಉಳಿದ ಆರು ಜನರಲ್ಲಿ ಇಬ್ಬರು ಮಳೆ ಬಂತು ಅಂತ ಒಳಗೆ ಬಂದವರು. ಒಬ್ಬೊಬ್ಬರಿಗೂ ನಾಲ್ಕೈದು ನಿಮಿಷ ಸಮಯ. ಟೈಮ್ ಮುಗಿಯುತ್ತಾ ಬಂದಾಗ ಹಿಂದಿನ ಸಾಲಿನಿಂದ ಮೊಬೈಲ್ ಟಾರ್ಚ್ ತೋರಿಸುತ್ತಾರೆ, ಮುಗಿಸು ಅಂತ. ಕೆಲಸದ ಇಂಟರ್‌ವ್ಯೂಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇಲ್ಲಿ ಟಾರ್ಚ್ ಹಾಕುತ್ತಾರೆ, ಅಲ್ಲಿ ‘ನಾವೇ ಕಾಲ್ ಮಾಡ್ತೀವಿ’ ಅನ್ನುತ್ತಾರೆ. ಟಾರ್ಚ್ ಹಾಕುವವರೇ ಹೆಚ್ಚು ಪ್ರಾಮಾಣಿಕರು.

ಹಗಲು ರಿಜೆಕ್ಟ್, ರಾತ್ರಿ ಚಪ್ಪಾಳೆ

ಆಗ ನನಗೆ ಕೆಲಸ ಇರಲಿಲ್ಲ. ಇಂಟರ್‌ವ್ಯೂಗಳು ಮಾತ್ರ ಬೇಕಾದಷ್ಟಿದ್ದವು. ಒಂದು ಕಡೆ ಕಾಲ್ ಸೆಂಟರಿನ ವಾಯ್ಸ್ ಪ್ರೊಸೆಸ್ ಹುದ್ದೆ. ಎರಡು ಸುತ್ತು ದಾಟಿದ್ದೆ. ಮೂರನೆಯ ಸುತ್ತಿನಲ್ಲಿ ಎಚ್.ಆರ್. ಮೇಡಂ ನನ್ನ ಇಂಗ್ಲಿಷ್ ಕೇಳಿ, ಡಾಕ್ಟರು ಎಕ್ಸ್‌ರೇ ನೋಡಿದ ಹಾಗೆ ಮುಖ ಮಾಡಿ, ‘ನಿಮಗೆ ಎಂಟಿಐ ಜಾಸ್ತಿ ಇದೆ’ ಅಂದರು. ನನಗೆ ನಿಜಕ್ಕೂ ಗಾಬರಿಯಾಯಿತು. ಇದಕ್ಕೆ ಮಾತ್ರೆ ಇದೆಯಾ, ಆಪರೇಷನ್ನೇ ಆಗಬೇಕಾ ಅಂತ ಕೇಳುವಷ್ಟರಲ್ಲಿ ಮುಂದಿನವರನ್ನು ಕರೆದರು. ಹೊರಗೆ ಬಂದು ಹುಡುಕಿದೆ. ಎಂಟಿಐ ಅಂದರೆ ‘ಮದರ್ ಟಂಗ್ ಇನ್‌ಫ್ಲುಯೆನ್ಸ್’. ತಾಯ್ನುಡಿಯ ಪ್ರಭಾವ. ನಾನು ಇಂಗ್ಲಿಷ್ ಮಾತಾಡಿದರೆ ಅದರೊಳಗಿಂದ ರಾಣೆಬೆನ್ನೂರು ಇಣುಕುತ್ತದೆ ಅನ್ನುವುದು ನನ್ನ ರೋಗ.

ಅದೇ ರೋಗಕ್ಕೆ ರಾತ್ರಿ ಚಪ್ಪಾಳೆ ಬೀಳುತ್ತಿತ್ತು. ನಾನು ಅದನ್ನೇ ಬಂಡವಾಳ ಮಾಡಿಕೊಂಡೆ. ಊರಲ್ಲಿ ನಾವು ಆಡುವುದಕ್ಕಿಂತ ಎರಡು ಪಟ್ಟು ಎಳೆದು ಮಾತಾಡತೊಡಗಿದೆ. ಮಾತಿಗೊಂದು ‘ಲೇ’, ವಾಕ್ಯಕ್ಕೆರಡು ‘ಏನ್ರೀಪಾ’. ಊರಲ್ಲಿ ಯಾರಾದರೂ ಹಾಗೆ ಮಾತಾಡಿದರೆ ‘ಇವಗ ಏನಾಗೈತಿ’ ಅಂತ ದವಾಖಾನೆಗೆ ಕರೆದೊಯ್ಯುತ್ತಿದ್ದರು. ಬೆಂಗಳೂರಲ್ಲಿ ನಡೆಯುತ್ತಿತ್ತು. ಯಾಕೆಂದರೆ ಜನ ಅದನ್ನು ಸಿನಿಮಾದಲ್ಲಿ ನೋಡಿದ್ದಾರೆ. ಹೀರೊ ಒಂದು ಥರದ ಕನ್ನಡ ಮಾತಾಡುತ್ತಾನೆ, ಅವನ ಹಿಂದೆ ಓಡಾಡಿ ಒದೆ ತಿನ್ನುವವನು ನಮ್ಮ ಕನ್ನಡ ಮಾತಾಡುತ್ತಾನೆ. ಪ್ರೇಮ ನಿವೇದನೆ ಬೆಂಗಳೂರು ಕನ್ನಡದಲ್ಲಿ, ಬಾಳೆಹಣ್ಣಿನ ಸಿಪ್ಪೆ ಮೇಲೆ ಜಾರಿ ಬೀಳುವುದು ಹುಬ್ಬಳ್ಳಿ ಕನ್ನಡದಲ್ಲಿ.

ನನ್ನ ಅಕ್ಷರಕ್ಷರದಲ್ಲೂ ಅವರಿಗೆ ಅದೇ ಕಾಣುತ್ತಿತ್ತು ಅಂತ ಆಗ ನನಗೆ ಹೊಳೆಯಲಿಲ್ಲ. ಹಗಲು ನನ್ನನ್ನು ರಿಜೆಕ್ಟ್ ಮಾಡುವವರು ಬೇರೆ, ರಾತ್ರಿ ಚಪ್ಪಾಳೆ ತಟ್ಟುವವರು ಬೇರೆ ಅಂತಲೇ ನಂಬಿದ್ದೆ. ಹಗಲಿನವರು ಶತ್ರುಗಳು, ರಾತ್ರಿಯವರು ಅಭಿಮಾನಿಗಳು. ಇಬ್ಬರೂ ಹೇಳುತ್ತಿದ್ದದ್ದು ಒಂದೇ ಮಾತು ಅಂತ ಅರ್ಥವಾಗಲು ಒಂದು ಕಾಫಿ ಬೇಕಾಯಿತು.

220 ರೂಪಾಯಿ ಕಾಫಿ

ಅವ್ವ ಮೊದಲ ಸಲ ಬೆಂಗಳೂರಿಗೆ ಬಂದಳು. ಶಕ್ತಿ ಯೋಜನೆ ಬಂದ ಮೇಲೆ ಕೆಂಪು ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಲ್ಲವೇ, ‘ರೊಕ್ಕ ಇಲ್ದ ಮಗನ್ನ ನೋಡಾಕ ರೊಕ್ಕ ಇಲ್ದ ಹೋಗಿಬರ್ತೇನಿ’ ಅಂತ ಹೊರಟಳಂತೆ. ಸುಮಾರು 300 ಕಿಲೋಮೀಟರ್. ಕೈಯಲ್ಲಿ ಸೊನ್ನೆ ರೂಪಾಯಿಯ ಟಿಕೆಟ್ಟು, ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಬ್ಯಾಡಗಿ ಮೆಣಸಿನಕಾಯಿ ಪುಡಿ. ಮಗ ಬೆಂಗಳೂರಿನಲ್ಲಿ ಸೊರಗಿರುತ್ತಾನೆ ಅನ್ನುವುದು ಅವಳ ಅನುಮಾನ. ಸೊರಗಿಲ್ಲ ಅಂತ ತೋರಿಸುವುದು ನನ್ನ ಹಟ. ಅದಕ್ಕೇ ರೂಮ್‌ಮೇಟ್ ಹತ್ತಿರ ಐನೂರು ರೂಪಾಯಿ ಸಾಲ ಮಾಡಿ ಅವಳನ್ನು ಒಂದು ಎ.ಸಿ. ಕೆಫೆಗೆ ಕರೆದುಕೊಂಡು ಹೋದೆ.

ಮೆನು ಕಾರ್ಡಿನಲ್ಲಿ ಅಕ್ಷರ ಇಂಗ್ಲಿಷಿನಲ್ಲಿದ್ದರೂ ಅಂಕಿ ಅವಳಿಗೆ ಗೊತ್ತಾಯಿತು. ವೇಟರ್ ಹುಡುಗನನ್ನು ಕರೆದು, ಊರಿನ ಅಂಗಡಿಯಲ್ಲಿ ಕೇಳುವಷ್ಟೇ ಸಹಜವಾಗಿ ಕೇಳಿದಳು: ‘ತಮ್ಮಾ, ಇನ್ನೂರಾ ಇಪ್ಪತ್ತಕ್ಕ ಎಷ್ಟು ಕಪ್ ಕೊಡ್ತೀರಿ?’

ಅವನು ಒಂದು ಅಂದ.

‘ಹಂಗಾದ್ರ ಕುಡದ್ ಮ್ಯಾಲ ಕಪ್ ಮನಿಗೆ ಒಯ್ಯಬಹುದೇನು?’

ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಒಬ್ಬಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಾನು ಹುಡುಗನಿಗೆ ಏನೋ ಹೇಳಿ ವಿಷಯ ಮುಗಿಸಿದೆ. ಏನು ಹೇಳಿದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಯಾಕೆಂದರೆ ಸ್ಟೇಜ್ ಮೇಲೂ ನಾನು ಅದನ್ನು ಬಹಳ ದಿನ ಹೇಳಿರಲಿಲ್ಲ.

ಅವ್ವ ಊರಿಗೆ ಹೋದ ವಾರವೇ ಈ ಕಥೆ ನನ್ನ ಸೆಟ್‌ಗೆ ಬಂತು. ದುಪಟ್ಟಾ ಒಂದನ್ನು ತಲೆ ಮೇಲೆ ಸೆರಗಿನ ಹಾಗೆ ಹೊದ್ದುಕೊಂಡೆ. ಅವ್ವನ ದನಿಯನ್ನು ಕೀರಲು ಮಾಡಿದೆ. ಮೆನು ಕಾರ್ಡನ್ನು ತಲೆಕೆಳಗು ಹಿಡಿದೆ. ಅವ್ವ ಹಾಗೆ ಹಿಡಿದಿರಲಿಲ್ಲ, ಜೋಕಿಗೆ ಇರಲಿ ಅಂತ ಸೇರಿಸಿದೆ. ‘ತಮ್ಮಾ’ ಅನ್ನುವಷ್ಟರಲ್ಲೇ ಜನ ಕುರ್ಚಿಯಲ್ಲಿ ಉರುಳಾಡಿದರು. ಪಂಚ್‌ಲೈನ್ ತನಕ ಕಾಯಲೇ ಇಲ್ಲ. ನನಗೆ ಸಿಕ್ಕ ಅತಿ ದೊಡ್ಡ ನಗು ಅದು. ಗೆಳೆಯ ವಿಡಿಯೊ ಮಾಡಿದ, ನಾನು ಸ್ಟೇಟಸ್‌ಗೆ ಹಾಕಿದೆ, ಊರಲ್ಲಿ ತಂಗಿ ಅದನ್ನು ಅವ್ವನಿಗೆ ತೋರಿಸಿದಳು.

ರಾತ್ರಿ ಫೋನ್ ಬಂತು. ಬೈಯುತ್ತಾಳೆ ಅಂತ ಸಿದ್ಧನಾಗಿದ್ದೆ. ಬೈಯಲಿಲ್ಲ. ನಿಜಕ್ಕೂ ಅರ್ಥವಾಗದ ಲೆಕ್ಕವನ್ನು ಕೇಳುವವರ ಹಾಗೆ ಕೇಳಿದಳು: ‘ಅಲ್ಲೋ, ನಾ ಕೇಳಿದ್ದು ಖರೇನ ಐತಲ್ಲ? ಇನ್ನೂರಾ ಇಪ್ಪತ್ತು ರೂಪಾಯಿ ತಗೊಂಡ್ರ ಕಪ್ ಕೊಡಬೇಕಲ್ಲ? ಮತ್ತ ಮಂದಿ ಯಾಕ ನಕ್ಕರು?’

ಕಾಮಿಡಿಯನ್‌ಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ. ಜೋಕನ್ನು ಬಿಡಿಸಿ ಹೇಳಬಾರದು ಅನ್ನುತ್ತಾರೆ, ಬಿಡಿಸಿದರೆ ಸತ್ತುಹೋಗುತ್ತದಂತೆ. ನಾನು ಬಿಡಿಸಲು ನೋಡಿದೆ. ಕಾಫಿಯ ರೇಟಿಗೆ ನಕ್ಕರಾ? ಇಲ್ಲ, ಅವರೆಲ್ಲ ಅದೇ ಕಾಫಿ ಕುಡಿಯುತ್ತಾ ಕೂತಿದ್ದರು. ಕಪ್ ಒಯ್ಯುವ ಮಾತಿಗೆ ನಕ್ಕರಾ? ಅದು ಬರುವ ಮೊದಲೇ ನಗು ಮುಗಿದಿತ್ತು. ಉಳಿದದ್ದು ಒಂದೇ. ಅವ್ವ ಮಾತಾಡುವ ರೀತಿಗೆ ನಕ್ಕರು. ಅಂದರೆ ಅವ್ವ ಅವ್ವನಾಗಿರುವುದಕ್ಕೆ ನಕ್ಕರು. ಅದನ್ನು ಅವಳಿಗೆ ಹೇಗೆ ಹೇಳುವುದು? ‘ಏನೋ ಸುಮ್ನ, ಚ್ಯಾಷ್ಟಿಗೆ’ ಅಂದೆ. ‘ಹ್ಞೂಂ’ ಅಂದಳು. ಆ ಹ್ಞೂಂ ನನಗೆ ಇವತ್ತಿಗೂ ಕೇಳಿಸುತ್ತದೆ.

‘ತಮಾಷೆಗೆ ಅಂದೆ’ ಅನ್ನುವ ಗುರಾಣಿ

ಚ್ಯಾಷ್ಟಿ, ತಮಾಷೆ, ಜೋಕು, ಲೈಟಾಗಿ ತಗೋ ಮಚ್ಚಾ. ಇದು ನಮ್ಮ ಕಾಲೇಜು ದಿನಗಳ ದೊಡ್ಡ ಗುರಾಣಿ. ಇದರ ಹಿಂದೆ ನಿಂತು ಏನು ಬೇಕಾದರೂ ಎಸೆಯಬಹುದು.

ನಮ್ಮ ಹಾಸ್ಟೆಲಿನಲ್ಲಿ ಒಬ್ಬ ಹುಡುಗನಿದ್ದ. ಕಪ್ಪು ಮೈಬಣ್ಣ. ಅವನು ರೂಮಿಗೆ ಬಂದ ಕೂಡಲೇ ಯಾರಾದರೊಬ್ಬರು ‘ಕರೆಂಟ್ ಹೋತಲೇ’ ಅನ್ನಬೇಕು, ಉಳಿದವರು ಮೊಬೈಲ್ ಟಾರ್ಚ್ ಹಚ್ಚಬೇಕು. ಮೂರು ವರ್ಷ ಇದು ನಡೆಯಿತು. ಒಂದು ಜೋಕನ್ನು ಮೂರು ವರ್ಷ ಹೇಳುವ ಕಾಮಿಡಿಯನ್‌ನನ್ನು ಯಾವ ಕೆಫೆಯೂ ಒಳಗೆ ಬಿಡುವುದಿಲ್ಲ, ಆದರೆ ಹಾಸ್ಟೆಲಿನಲ್ಲಿ ಅದಕ್ಕೆ ಅಭಿಮಾನಿಗಳು ಕಡಿಮೆಯಾಗಲಿಲ್ಲ. ನಾನೂ ಟಾರ್ಚ್ ಹಚ್ಚಿದವನೇ. ಯಾರಾದರೂ ತಪ್ಪು ಅಂದರೆ ನಮ್ಮ ಉತ್ತರ ಸಿದ್ಧವಿತ್ತು: ‘ಅವನ ನಗತಾನಲ್ಲ!’ ನಿಜ, ಅವನು ನಗುತ್ತಿದ್ದ. ನಮ್ಮೆಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಯಾಕೆ ಅಂತ ನನಗೆ ತಿಳಿದದ್ದು ನಾನೇ ಸ್ಟೇಜ್ ಮೇಲೆ ಹಾಗೆ ನಕ್ಕ ಮೇಲೆ. ಎಲ್ಲರೂ ನಿನ್ನ ಮೇಲೆ ನಗುತ್ತಿರುವಾಗ ನಿನ್ನ ಮುಂದೆ ಇರುವುದು ಎರಡೇ ದಾರಿ. ಅವರ ಜೊತೆ ಸೇರಿ ನಗು, ಇಲ್ಲವೇ ಒಬ್ಬನೇ ಉಳಿ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಬ್ಬನೇ ಉಳಿಯುವ ಧೈರ್ಯ ಯಾರಿಗಿರುತ್ತದೆ? ಅವನ ನಗು ಒಪ್ಪಿಗೆಯಾಗಿರಲಿಲ್ಲ, ಹಾಸ್ಟೆಲಿನಲ್ಲಿ ಬದುಕಲು ಅವನು ಕಟ್ಟುತ್ತಿದ್ದ ಬಾಡಿಗೆ.

ಇದು ಬರೀ ಮನಸ್ಸಿನ ಮಾತಲ್ಲ, ನಿಯಮದಲ್ಲೂ ಇದೆ. ರ‍್ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲಿ ನಿಯಮಾವಳಿ ತಂದಿತು. 2016ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ, ಮೈಬಣ್ಣ, ಜಾತಿ, ಧರ್ಮ, ಲಿಂಗ, ರೂಪ, ಹುಟ್ಟಿದ ಊರು, ಪ್ರದೇಶ, ಭಾಷೆ, ಆರ್ಥಿಕ ಸ್ಥಿತಿ ಇವುಗಳನ್ನು ಹಿಡಿದು ಇನ್ನೊಬ್ಬ ವಿದ್ಯಾರ್ಥಿಗೆ ದೈಹಿಕ ಅಥವಾ ಮಾನಸಿಕ ಹಿಂಸೆ ಕೊಡುವುದೂ ರ‍್ಯಾಗಿಂಗೇ ಅಂತ ಸೇರಿಸಿತು. ಅಡ್ಮಿಷನ್ ದಿನ ನಾವೆಲ್ಲ ಓದದೆ ಸಹಿ ಹಾಕುವ ಆ್ಯಂಟಿ ರ‍್ಯಾಗಿಂಗ್ ಮುಚ್ಚಳಿಕೆ ಇದೆಯಲ್ಲ, ಅದರ ಹಿಂದೆ ಇರುವ ನಿಯಮ ಇದು. ನಾನೂ ಓದಿರಲಿಲ್ಲ. ಸಹಿ ಮಾತ್ರ ಚೆನ್ನಾಗಿ ಹಾಕಿದ್ದೆ.

ಬೆಂಗಳೂರಿನವರೇ ನಮ್ಮನ್ನು ಆಡಿಕೊಳ್ಳುತ್ತಾರೆ ಅಂತ ದೂರು ಕೊಡಲು ನಾನು ಬಂದಿಲ್ಲ. ನಾವೇನು ಕಡಿಮೆಯಿಲ್ಲ. ಮಂಗಳೂರಿನವರು ಮಾತಾಡಿದರೆ ‘ಪುಸ್ತಕ ಓದಾಕತ್ತಾನ’ ಅಂತ ನಗುತ್ತೇವೆ. ಕಲಬುರಗಿ ಕಡೆಯವರ ಮಾತನ್ನು ಅಣಕಿಸುತ್ತೇವೆ. ಮಂಡ್ಯದವರು ‘ಹ’ ಬಿಟ್ಟರೆ ನಮಗೆ ಹಬ್ಬ. ರಾಜ್ಯದಲ್ಲಿ ಎಲ್ಲರ ಪ್ರಕಾರವೂ ಸರಿಯಾದ ಕನ್ನಡ ಒಂದೇ, ಅದು ಅವರವರ ಮನೆಯದು.

ಹಾಗಾದರೆ ಯಾವುದಕ್ಕೂ ನಗಬಾರದಾ?

ಈ ಮಾತು ತೆಗೆದಾಗಲೆಲ್ಲ ಕಾಮಿಡಿ ಮಾಡುವ ಗೆಳೆಯರು ಸಿಟ್ಟಾಗುತ್ತಾರೆ. ‘ಎಲ್ಲದಕ್ಕೂ ಬೇಜಾರ್ ಮಾಡ್ಕೊಂಡ್ರೆ ಕಾಮಿಡಿ ಹೇಗೋ ಮಾಡೋದು? ಗುಡ್ ಮಾರ್ನಿಂಗ್ ಹೇಳಿ ಸ್ಟೇಜ್ ಇಳಿಯೋದಾ?’ ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಎಲ್ಲರಿಗೂ ಒಪ್ಪಿಗೆಯಾಗುವ ಜೋಕು ಅಂದರೆ ಸರ್ಕಾರಿ ಆಸ್ಪತ್ರೆಯ ಗಂಜಿಯ ಹಾಗೆ, ಯಾರಿಗೂ ಅಪಾಯವಿಲ್ಲ, ಯಾರಿಗೂ ರುಚಿಯಿಲ್ಲ. ಅವರ ಸಿಟ್ಟಿಗೆ ಹೆದರಿ ನಾನು ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದೆ.

ಗಂಗಾವತಿ ಪ್ರಾಣೇಶ್ ಇದ್ದಾರೆ. ನಮ್ಮ ಕಡೆಯ ಕನ್ನಡದಲ್ಲೇ ಮಾತಾಡುತ್ತಾರೆ, ರಾಜ್ಯದ ಮೂಲೆ ಮೂಲೆಯಲ್ಲಿ ಸಭಾಂಗಣ ತುಂಬುತ್ತದೆ. ಅಲ್ಲಿ ಭಾಷೆ ಜೋಕಿನ ಗುರಿಯಾಗಿರುವುದಿಲ್ಲ, ಜೋಕು ಹೇಳುವ ದಾರಿಯಾಗಿರುತ್ತದೆ. ಅವರು ‘ನಮಸ್ಕಾರ’ ಅಂದ ಕೂಡಲೇ ಯಾರೂ ನಗುವುದಿಲ್ಲ, ಏನು ಹೇಳುತ್ತಾರೆ ಅಂತ ಕಾಯುತ್ತಾರೆ. ಅದಕ್ಕೂ ಹಿಂದೆ ಹರಪನಹಳ್ಳಿಯ ಬೀಚಿ. ಅವರ ತಿಂಮ ನೋಡಲು ಪೆದ್ದ, ಆದರೆ ಅವನ ಎದುರು ನಿಂತ ಬುದ್ಧಿವಂತನೇ ಕೊನೆಗೆ ಪೆದ್ದನಾಗಿ ಹೋಗುತ್ತಾನೆ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಸಾವಿರಾರು ಪ್ರದರ್ಶನ ಕಂಡಿತು. ಅದು ಲಂಚ ಕೊಡುವ ಬಡವನನ್ನು ನೋಡಿ ನಗಿಸಲಿಲ್ಲ, ತಿನ್ನುವವರ ಹೆಸರು ಹಿಡಿದು ಕೂಗಿತು. ಕೈಲಾಸಂ ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಓದಿ ಬಂದವರು. ವಾಪಸ್ ಬಂದು ಹಳ್ಳಿಯವರನ್ನು ಆಡಿಕೊಳ್ಳಬಹುದಿತ್ತು. ಅವರ ನಾಟಕಗಳು ನಕ್ಕಿದ್ದು ಇಂಗ್ಲಿಷ್ ಬೆರೆಸಿ ಮಾತಾಡುವ ತಮ್ಮಂಥವರ ಮನೆಗಳನ್ನೇ.

ಇನ್ನು ನನ್ನ ರೋಗದ ವಿಷಯ. ಧಾರವಾಡದ ಬೇಂದ್ರೆಯವರಿಗೆ ಇದ್ದಷ್ಟು ಎಂಟಿಐ ಕನ್ನಡದಲ್ಲಿ ಇನ್ಯಾರಿಗೂ ಇರಲಿಕ್ಕಿಲ್ಲ. ಅದಕ್ಕೆ ಯಾವ ಎಚ್.ಆರ್. ಕೂಡ ಅವರನ್ನು ರಿಜೆಕ್ಟ್ ಮಾಡಲಿಲ್ಲ, ‘ನಾಕುತಂತಿ’ಗೆ 1973ರ ಜ್ಞಾನಪೀಠವೇ ಬಂತು.

ಇವರೆಲ್ಲ ಯಾರನ್ನೂ ನೋಯಿಸದವರೇನಲ್ಲ. ಚೆನ್ನಾಗಿಯೇ ನೋಯಿಸಿದರು. ಆದರೆ ನೋವು ತಡೆದುಕೊಳ್ಳುವ ಶಕ್ತಿ ಇದ್ದವರನ್ನು, ಬದಲಿಸಿಕೊಳ್ಳಬಹುದಾದ ವಿಷಯಕ್ಕೆ ನೋಯಿಸಿದರು. ಲಂಚ ತಿನ್ನುವವನು ಲಂಚ ಬಿಡಬಹುದು. ಕಪ್ಪಗಿರುವವನು ಏನು ಬಿಡಬೇಕು?

ನಮ್ಮ ಸುತ್ತ ನಗಬೇಕಾದ ವಿಷಯಕ್ಕೆ ಬರವಿದೆಯಾ? ಕೆಲಸ ಹುಡುಕುವವರ ಒಂದು ದಿನ ಸಾಕು, ಒಂದು ಗಂಟೆಯ ಶೋ ಆಗುತ್ತದೆ. ಕಂಪನಿಯ ವೆಬ್‌ಸೈಟಿನಲ್ಲಿ ರೆಸ್ಯೂಮೆ ಅಪ್‌ಲೋಡ್ ಮಾಡಿಸಿಕೊಳ್ಳುತ್ತಾರೆ, ಮುಂದಿನ ಪುಟದಲ್ಲಿ ಅದೇ ರೆಸ್ಯೂಮೆಯಲ್ಲಿರುವುದನ್ನೆಲ್ಲ ಒಂದೊಂದಾಗಿ ಟೈಪ್ ಮಾಡಿ ಅನ್ನುತ್ತಾರೆ. ಓದುವುದಿಲ್ಲ ಅಂತ ಇಷ್ಟು ಮರ್ಯಾದೆಯಾಗಿ ಹೇಳುವ ಕ್ರಮ ಇನ್ನೊಂದಿಲ್ಲ. ‘ಒತ್ತಡದಲ್ಲಿ ಕೆಲಸ ಮಾಡಬಲ್ಲಿರಾ?’ ಅಂತ ಕೇಳುತ್ತಾರೆ. ಸಾರ್, ಒತ್ತಡ ನಮ್ಮ ಹತ್ತಿರ ಬೇಕಾದಷ್ಟಿದೆ, ಕೆಲಸ ಒಂದು ಕೊಡಿ. ‘ಈ ಗ್ಯಾಪ್‌ನಲ್ಲಿ ಏನು ಮಾಡ್ತಿದ್ರಿ?’ ಅಂತ ಇನ್ನೊಬ್ಬರು. ನಿಮ್ಮಂಥವರ ಕಾಲ್‌ಗೆ ಕಾಯ್ತಿದ್ದೆ.

ಬಾಡಿಗೆ ಮನೆ ಹುಡುಕಲು ಹೋದರೆ ಮಾಲೀಕರು ಬಾಡಿಗೆ ಎಷ್ಟು ಕೊಡ್ತೀರಿ ಅನ್ನುವ ಮೊದಲು ‘ನೀವು ವೆಜ್ಜಾ?’ ಅನ್ನುತ್ತಾರೆ. ಅವರಿಗೆ ಬೇಕಿರುವುದು ನಮ್ಮ ಅಡುಗೆಯ ವಿವರವಲ್ಲ, ಜಾತಿಯ ವಿವರ. ನೇರ ಕೇಳಲು ನಾಚಿಕೆ, ಅದಕ್ಕೆ ಬದನೆಕಾಯಿಯ ಹಿಂದೆ ಅಡಗಿ ಕೇಳುತ್ತಾರೆ. ಮದುವೆ ಮನೆಯಲ್ಲಿ ದೂರದ ಮಾವನೊಬ್ಬ ಎಲೆಗೆ ಪಾಯಸ ಬೀಳುವ ಹೊತ್ತಿಗೆ ಸರಿಯಾಗಿ ‘ಈಗ ಏನ್ ಮಾಡಾಕತ್ತೀಪಾ?’ ಅನ್ನುತ್ತಾನೆ. ಉಣ್ಣಾಕತ್ತೇನಿ ಮಾವಾ, ಬಿಟ್ರ.

ಇವುಗಳ ಮೇಲೆ ನಗಿಸುವುದು ಕಷ್ಟ. ಯಾಕೆಂದರೆ ಕೇಳುವವರಲ್ಲೇ ಮನೆ ಮಾಲೀಕರಿರುತ್ತಾರೆ, ಎಚ್.ಆರ್. ಇರುತ್ತಾರೆ. ದನಿ ಅಣಕಿಸುವುದು ಸುಲಭ. ಪರೀಕ್ಷೆಯಲ್ಲಿ ಪಕ್ಕದವನ ಪೇಪರ್ ನೋಡಿ ಬರೆದ ಹಾಗೆ. ಪಾಸಾಗುತ್ತೇವೆ, ಏನೂ ಕಲಿತಿರುವುದಿಲ್ಲ.

ಜೋಕು ಹೇಳುವ ಮೊದಲು ಈಗ ನನಗೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಇದು ಯಾರ ಬಗ್ಗೆಯೋ ಅವರು ಮುಂದಿನ ಸಾಲಿನಲ್ಲಿ ಕೂತು ‘ಮಂದಿ ಯಾಕ ನಕ್ಕರು?’ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇದೆಯಾ? ‘ನೀನು ಲಂಚ ತಿಂದೆ ಅಂತ ನಕ್ಕರು’ ಅನ್ನಬಹುದು. ‘ನೀನು ಮನೆ ಕೊಡದೆ ಸುಳ್ಳು ಹೇಳಿದೆ ಅಂತ ನಕ್ಕರು’ ಅನ್ನಬಹುದು. ‘ನೀನು ಹೀಗೆ ಹುಟ್ಟಿದೆ ಅಂತ ನಕ್ಕರು’ ಅನ್ನಲು ಬಾಯಿ ಬರುವುದಿಲ್ಲ. ಬಾಯಿ ಬರದ ಜೋಕನ್ನು ಬಿಟ್ಟುಬಿಡುತ್ತೇನೆ. ಕ್ಲಾಸಿನಲ್ಲಿ, ಹಾಸ್ಟೆಲಿನಲ್ಲಿ, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನಡೆಯುವ ತಮಾಷೆಗೂ ಈ ಪರೀಕ್ಷೆ ಸಾಕು. ಸಿಲೆಬಸ್ ಚಿಕ್ಕದು, ಪ್ರಶ್ನೆ ಒಂದೇ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇನ್ನೊಂದು ಮಾತು. ಇಂಗ್ಲಿಷ್ ಕಲಿಯಬೇಡಿ ಅಂತ ನಾನು ಹೇಳುತ್ತಿಲ್ಲ. ಕಲಿಯಿರಿ. ನಾನೂ ಕಲಿಯುತ್ತಿದ್ದೇನೆ. ಫೋನಿನಲ್ಲಿ ಮಾತಾಡುವ ಕೆಲಸವಾದರೆ ಆ ಕಡೆಯವರಿಗೆ ಅರ್ಥವಾಗುವಷ್ಟು ಸ್ಪಷ್ಟವಾಗಿ ಮಾತಾಡಬೇಕು, ನ್ಯಾಯ. ನಿಧಾನವಾಗಿ, ಬಿಡಿಸಿ ಮಾತಾಡುವುದನ್ನು ಅಭ್ಯಾಸ ಮಾಡಬಹುದು. ಆದರೆ ಸ್ಪಷ್ಟವಾಗಿ ಮಾತಾಡುವುದು ಬೇರೆ, ನಾವು ಎಲ್ಲಿಂದ ಬಂದೆವು ಅನ್ನುವುದು ಗೊತ್ತಾಗದ ಹಾಗೆ ಮಾತಾಡುವುದು ಬೇರೆ. ಮೊದಲನೆಯದು ಕೌಶಲ. ಎರಡನೆಯದಕ್ಕೆ ಒಳಗೊಳಗೇ ನಾಚಿಕೆ ಬೇಕು. ನಾಚಿಕೆ ಒಮ್ಮೆ ಒಳಗೆ ಬಂದರೆ ನಾಲಿಗೆಯಲ್ಲಿ ನಿಲ್ಲುವುದಿಲ್ಲ, ಮನೆಯವರ ತನಕ ಹೋಗುತ್ತದೆ. ನನ್ನದು ಹೋಗಿತ್ತು.

ಅದೇ ಕಥೆ, ಇನ್ನೊಂದು ಸಲ

ಕೆಫೆಯಲ್ಲಿ ನಾನು ವೇಟರ್ ಹುಡುಗನಿಗೆ ಏನು ಹೇಳಿದೆ ಅಂತ ಆಮೇಲೆ ಹೇಳುತ್ತೇನೆ ಅಂದಿದ್ದೆನಲ್ಲ. ಕಲಿತ ಬೆಂಗಳೂರು ಕನ್ನಡದಲ್ಲಿ, ನಗುತ್ತಾ, ‘ಸಾರಿ ಬ್ರೋ, ಅವರಿಗೆ ಗೊತ್ತಾಗಲ್ಲ’ ಅಂದಿದ್ದೆ.

‘ಅವರಿಗೆ’. ನಮ್ಮ ಕಡೆ ಅವ್ವನಿಗೆ ಬಹುವಚನ ಹಚ್ಚುವುದಿಲ್ಲ. ನೀ, ಆಕಿ, ನಮ್ಮವ್ವ ಅಷ್ಟೇ. ನಾನು ಅವಳನ್ನು ‘ಅವರು’ ಅಂದದ್ದು ಜೀವನದಲ್ಲಿ ಅದೇ ಮೊದಲು. ಕೇಳಿದವರಿಗೆ ಮರ್ಯಾದೆ ಅನ್ನಿಸಿರಬೇಕು. ನಾನು ಮಾಡಿದ್ದು ಅವಳನ್ನು ಒಂದು ಕುರ್ಚಿ ದೂರ ಸರಿಸುವ ಕೆಲಸ. ಇಷ್ಟಕ್ಕೂ ಆ ಟೇಬಲಿನಲ್ಲಿ ಗೊತ್ತಾಗದೆ ಇದ್ದದ್ದು ಯಾರಿಗೆ? ಕಾಫಿಗೆ 220 ರೂಪಾಯಿ ಜಾಸ್ತಿ ಅಂತ ಅವಳಿಗೆ ಗೊತ್ತಿತ್ತು. ಎರಡು ಕಾಫಿಗೆ 440 ರೂಪಾಯಿ ಸಾಲದ ದುಡ್ಡು ಎಣಿಸಿಕೊಟ್ಟ ನನಗೆ ಗೊತ್ತಿರಲಿಲ್ಲ.

ಒಂದು ತಿಂಗಳು ಸ್ಟೇಜ್ ಹತ್ತಲಿಲ್ಲ. ಆಮೇಲೆ ಅದೇ ಕಥೆ ಮತ್ತೆ ಬರೆದೆ. ಸೆರಗು ತೆಗೆದೆ, ಕೀರಲು ದನಿ ತೆಗೆದೆ, ತಲೆಕೆಳಗಿನ ಮೆನು ತೆಗೆದೆ. ಅವ್ವನ ಮಾತನ್ನು ಅವಳು ಆಡಿದ ಹಾಗೇ, ಸಮಾಧಾನವಾಗಿ ಹೇಳಿದೆ. ಮೊದಲ ಸಲ ಹೇಳಿದಾಗ ‘ತಮ್ಮಾ’ ಅಂದ ಕಡೆ ಯಾರೂ ನಗಲಿಲ್ಲ. ಎದೆ ಡವಡವ ಅಂತಿತ್ತು. ಅರ್ಧದಲ್ಲಿ ಟಾರ್ಚ್ ಬೀಳುತ್ತದೆ ಅನ್ನಿಸಿತು. ಕಪ್ ಮನೆಗೆ ಒಯ್ಯುವ ಮಾತು ಬಂದಾಗ ಒಂದಿಬ್ಬರು ನಕ್ಕರು, ಈ ಸಲ ಕಾಫಿಯ ರೇಟಿಗೆ. ‘ಸಾರಿ ಬ್ರೋ, ಅವರಿಗೆ ಗೊತ್ತಾಗಲ್ಲ’ ಅಂದಾಗ ಇಡೀ ಮಹಡಿ ಸುಮ್ಮನಾಯಿತು. ಆಮೇಲೆ ರೂಮ್‌ಮೇಟ್‌ನ ಐನೂರು ರೂಪಾಯಿ ಸಾಲದ ವಿಷಯ ಹೇಳಿದೆ, ಇವತ್ತಿಗೂ ಅವನು ಬಾತ್‌ರೂಮ್ ಕ್ಯೂನಲ್ಲಿ ನಿಂತು ಅದನ್ನು ಕೇಳುತ್ತಾನೆ ಅಂದೆ. ಆಗ ನಗು ಬಂತು. ಹಳೆಯದರಷ್ಟು ದೊಡ್ಡದಲ್ಲ. ಆದರೆ ನನ್ನ ಮೇಲೆ ಬಂದ ನಗು. ಶೋ ಮುಗಿದ ಮೇಲೆ ಒಬ್ಬ ಹುಡುಗ ಹತ್ತಿರ ಬಂದು, ‘ನಾನೂ ಪೇರೆಂಟ್ಸ್ ಮೀಟಿಂಗಿಗೆ ಅಪ್ಪನನ್ನು ಬರಬೇಡ ಅಂದಿದ್ದೆ’ ಅಂತಷ್ಟೇ ಹೇಳಿ ಹೊರಟುಹೋದ. ಅಭಿಪ್ರಾಯ ಅಂತ ನನಗೆ ಬಂದದ್ದರಲ್ಲಿ ಅದೇ ದೊಡ್ಡದು.

ಈಗ ನನಗೊಂದು ಬ್ಯಾಕ್ ಆಫೀಸ್ ಕೆಲಸ ಸಿಕ್ಕಿದೆ. ಮಾತಾಡುವಂತಿಲ್ಲ, ಬರೀ ಟೈಪ್ ಮಾಡುವುದು. ಕೀಬೋರ್ಡಿಗೆ ಎಂಟಿಐ ಇರುವುದಿಲ್ಲವಂತೆ. ಕೆಲಸ ಸಿಕ್ಕ ದಿನ ಫೋನಿನಲ್ಲಿ ಅವ್ವನಿಗೆ ಆ ಹಳೆಯ ರಿಜೆಕ್ಷನ್ನಿನ ಕಥೆಯನ್ನೂ ಹೇಳಿದೆ. ಇಂಗ್ಲಿಷಿನೊಳಗ ನಮ್ಮ ಭಾಷೆ ಕಾಣಿಸ್ತೈತಂತ, ಅದಕ್ಕ ತಗೊಳ್ಳಲಿಲ್ಲ ಅಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: ‘ಕಂಡ್ರ ಏನಾತು? ನಿನ್ನ ಮಾರಿನೂ ನನ್ನ ಹಂಗ ಐತಿ. ಅದನ್ನೂ ತಗಸಂತಾರೇನು?’

ನನ್ನ ಇಡೀ ಸೆಟ್‌ನಲ್ಲಿ ಈಗ ಅತಿ ಹೆಚ್ಚು ಚಪ್ಪಾಳೆ ಬೀಳುವ ಸಾಲು ಅದು. ಬರೆದದ್ದು ನಾನಲ್ಲ.

ಪ್ರತಿ ಶೋ ಆದ ಮೇಲೆ ಅವಳಿಗೆ ಫೋನ್ ಮಾಡುತ್ತೇನೆ. ಎಷ್ಟು ಮಂದಿ ಬಂದಿದ್ದರು ಅಂತ ಕೇಳುತ್ತಾಳೆ. ನಕ್ಕರೇನು ಅಂತ ಕೇಳುತ್ತಾಳೆ. ನಕ್ಕರು ಅಂದರೆ ಬಿಡುವುದಿಲ್ಲ, ‘ಯಾರಿಗೆ ನಕ್ಕರು?’ ಅನ್ನುತ್ತಾಳೆ.

‘ನನಗ, ಬೇ.’

‘ಹಂಗಾದ್ರ ಅಡ್ಡಿಯಿಲ್ಲ ಬಿಡು. ಉಂಡಿಯಿಲ್ಲೋ?’